ಒಂದೇ ಅಂಕದ ಮಕ್ಕಳು

ನನ್ನ ತಂಗಿ ಐದನೆಯ ತರಗತಿ ಮುಗಿಸಿದ ವರ್ಷ ಕೊಯಮತ್ತೂರಿನ ಒಂದು ವಸತಿಶಾಲೆಯ ಪ್ರವೇಶಪರೀಕ್ಷೆ ಬರೆದಳು. ಮಕ್ಕಳ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ ಅದು. ಆಯ್ಕೆಯಾದರೆ ಊಟ, ಬಟ್ಟೆ, ಓದು ಎಲ್ಲವೂ ಶಾಲೆಯದೇ. ಅವಳು ಆಯ್ಕೆಯಾಗಲಿಲ್ಲ. ಊರಿನ ಶಾಲೆಯಲ್ಲಿ ಎಂಟರವರೆಗೆ ಓದಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದಳು. ಹೊಲಿದ ಬನಿಯನ್ನುಗಳಲ್ಲಿ ಜೋತುಬಿದ್ದ ದಾರ ಕತ್ತರಿಸುವ ಕೆಲಸ. ಓದು ಅವಳ ತಲೆಗೆ ಹತ್ತುವುದಿಲ್ಲವೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ನಮ್ಮದು ತಿರುಪ್ಪೂರಿನ ಹತ್ತಿರದ ಊರಿನ ನೇಕಾರರ ಬೀದಿ. ಎಷ್ಟು ತಲೆಮಾರಿನಿಂದ ಅಲ್ಲಿದ್ದೇವೆಂದು ಅಜ್ಜಿಗೂ ತಿಳಿಯದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಯಾರಿಗೂ ಬರುತ್ತಿರಲಿಲ್ಲ. ನಾನು ಕನ್ನಡದ ಅಕ್ಷರ ಕಲಿತದ್ದೇ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ.

ಎಂಬತ್ತರ ದಶಕದ ಕೊನೆಗೆ ನಾನು ಕೊಯಮತ್ತೂರಿನಲ್ಲಿ ಶಿಕ್ಷಣಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅದೇ ವಸತಿಶಾಲೆಯವರು ತಮ್ಮ ಹಳೆಯ ಪರೀಕ್ಷೆಯನ್ನು ಒಮ್ಮೆ ನೋಡಿಕೊಡಿ ಎಂದು ನನ್ನ ಮಾರ್ಗದರ್ಶಕರನ್ನು ಕೇಳಿದರು. ಅವರು ಆ ಕೆಲಸವನ್ನು ನನಗೆ ಒಪ್ಪಿಸಿದರು. ವೈದ್ಯರು ರೋಗಗಳ ಲೆಕ್ಕಕ್ಕೆ ಬಳಸುವ ಒಂದು ವಿಧಾನವನ್ನು ಹೊರದೇಶದಲ್ಲಿ ಆಗಷ್ಟೇ ಪರೀಕ್ಷೆಗಳಿಗೂ ಹೊಂದಿಸಿದ್ದರು. ಅದರ ಬಗೆಗಿನ ಲೇಖನವೊಂದರ ಪ್ರತಿ ಮಾರ್ಗದರ್ಶಕರ ಬಳಿಯಿತ್ತು.

"ಎರಡು ಗುಂಪಿನ ಸರಾಸರಿ ಹಿಡ್ಕೊಂಡು ಕೂರಬೇಡಮ್ಮ," ಎಂದು ಅವರು ತಮಿಳಿನಲ್ಲಿ ಬಿಡಿಸಿ ಹೇಳಿದರು. "ಒಟ್ಟು ಅಂಕ ಒಂದೇ ಇರೋ ಮಕ್ಕಳನ್ನ ಎದುರುಬದುರು ಇಡು. ಬುದ್ಧಿ ಸಮ ಅಂದ್ಮೇಲೆ ಪ್ರತಿಯೊಂದು ಪ್ರಶ್ನೆಯಲ್ಲೂ ಹೆಚ್ಚುಕಮ್ಮಿ ಸಮ ಇರಬೇಕು. ಯಾವುದೋ ಒಂದರಲ್ಲಿ ಮಾತ್ರ ಒಂದು ಗುಂಪು ಎಡವುತ್ತೆ ಅಂದ್ರೆ, ಆ ಪ್ರಶ್ನೆ ಬುದ್ಧಿ ಬಿಟ್ಟು ಬೇರೇನನ್ನೋ ಕೇಳ್ತಿದೆ."

ಮನೆಮಾತು ಕನ್ನಡವಾದ ಮಕ್ಕಳು ಒಂದು ಗುಂಪು, ತಮಿಳಿನವರು ಇನ್ನೊಂದು ಎಂದುಕೊಂಡೆ. ಆದರೆ ಉತ್ತರಪತ್ರಿಕೆಗಳ ಜೊತೆ ಶಾಲೆಯವರು ಕೊಟ್ಟ ಅರ್ಜಿಗಳಲ್ಲಿ ಎಲ್ಲರ ಮನೆಮಾತೂ ತಮಿಳೇ ಆಗಿತ್ತು.

"ಇನ್ನೇನ್ ಬರೀತಾರೆ?" ಎಂದಳು ಅವ್ವ. "ನಿಮ್ಮಿಬ್ರಿಗೂ ನಾನು ಅದುನ್ನೇ ಬರ್ಸಿದ್ದು. ಇಲ್ಲಾಂದ್ರೆ ಹೊರಗ್ನೋರು ಅಂದ್ಬುಡ್ತಾರೆ."

ಹಾಗಾಗಿ ವಿಳಾಸ ಹಿಡಿದು ಬೀದಿ ಬೀದಿ ಅಲೆದೆ. ಕುನ್ನತ್ತೂರಿನ ಒಕ್ಕಲುಮನೆಗಳಿಗೂ ಹೋದೆ. ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದರೆ ಹೆಂಗಸರು ಒಳಗೆ ಕರೆದು ಮಜ್ಜಿಗೆ ಕೊಡುತ್ತಿದ್ದರು. ಆಯ್ಕೆಯಾಗದ ಮಗುವಿನ ಹೆಸರೆತ್ತಿದ ಕೂಡಲೇ ಮಾತು ಕಡಿಮೆಯಾಗುತ್ತಿತ್ತು.

ಲೆಕ್ಕ ಮಾಡಲು ಕಾಲೇಜಿನ ಕ್ಯಾಲ್ಕ್ಯುಲೇಟರ್ ಒಂದೇ ಗತಿ. ಒಂದೊಂದು ಪ್ರಶ್ನೆಗೂ, ಅಂಕದ ಒಂದೊಂದು ಮೆಟ್ಟಿಲಿಗೂ ನಾಲ್ಕು ಮನೆಯ ಕೋಷ್ಟಕ: ಎರಡು ಗುಂಪು, ಸರಿ ಮತ್ತು ತಪ್ಪು. ಬಹುಪಾಲು ಪ್ರಶ್ನೆಗಳಲ್ಲಿ ಏನೂ ಕಾಣಲಿಲ್ಲ. ಕೆಲವು ಮಾತ್ರ ಎದ್ದು ಕಂಡವು. ತಮಿಳು ಲಾಲಿಹಾಡಿನ ಬಿಟ್ಟ ಪದ ತುಂಬುವುದು ಒಂದು. ಅಣ್ಣನ ಹೆಂಡತಿಯನ್ನು ಏನೆಂದು ಕರೆಯುತ್ತಾರೆ ಎಂಬುದು ಇನ್ನೊಂದು. ಸರಿಯುತ್ತರ ತಮಿಳಿನ 'ಅಣ್ಣಿ'. ಅದರ ಪಕ್ಕದಲ್ಲೇ, ಸೋದರತ್ತೆಯನ್ನು ಕರೆಯುವ ತಮಿಳು ಪದ 'ಅತ್ತೈ' ಇತ್ತು. ನಮ್ಮ ಮಕ್ಕಳು ಸಾಲುಸಾಲಾಗಿ ಅದಕ್ಕೇ ಗುರುತು ಹಾಕಿದ್ದರು.

ಭಾನುವಾರ ತಂಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಹಿತ್ತಲಲ್ಲಿ ಕೂತಿದ್ದಳು. ನಾನು ಸುಮ್ಮನಿರಲಾರದೆ ಆ ಪ್ರಶ್ನೆ ಕೇಳಿದೆ.

"ಅತ್ಗೆ," ಎಂದಳು. ಆಮೇಲೆ ಕೈ ನಿಲ್ಲಿಸಿ, "ಪರಿಚ್ಚೇಲಿ ಬಂದಿತ್ತಲ್ಲ ಅದು. ಅತ್ಗೆ ಅಂತ ಇರ್ಲಿಲ್ಲೆ. ಅತ್ತೈ ಅಂತ ಇತ್ತು, ಅದೇ ಇರ್ಬೇಕು ಅಂತ ಹಾಕ್ದೆ."

ನಾನು ಕಂಡದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂಗಾರೆ ಆ ಕೇಳ್ವಿ ಇಲ್ದೆ ಇದ್ದಿದ್ರೆ ನಾನು ಪಾಸಾ ಅಕ್ಕಾ?"

ಅವಳು ಬರೆದ ವರ್ಷದ ಉತ್ತರಪತ್ರಿಕೆಗಳು ಶಾಲೆಯಲ್ಲಿ ಉಳಿದಿರಲಿಲ್ಲ. ಉಳಿದಿದ್ದರೂ ನನ್ನ ಲೆಕ್ಕ ಗುಂಪಿನ ವಿಷಯ ಹೇಳುತ್ತಿತ್ತೇ ಹೊರತು ಒಬ್ಬಳ ವಿಷಯವನ್ನಲ್ಲ. "ಹೇಳಕ್ಕಾಗಲ್ಲ ಕಣೆ," ಎಂದೆ.

"ಅಂಗಾರೆ ಯಾಕ್ ಹೇಳ್ದೆ?" ಎಂದಳು. ಕೋಪವಿರಲಿಲ್ಲ. ಎದ್ದು ಬಚ್ಚಲಿಗೆ ಹೋದಳು. ನಾನು ನನ್ನ ಸಮಾಧಾನಕ್ಕೆ ಹೇಳಿದ್ದೆನೋ ಅವಳ ಸಮಾಧಾನಕ್ಕೋ ಎಂದು ಅಲ್ಲೇ ಕೂತು ಯೋಚಿಸಿದೆ. ತಾನು ದಡ್ಡಿ ಎಂಬ ನಂಬಿಕೆಯೊಡನೆ ಅವಳು ಹೇಗೋ ಹೊಂದಿಕೊಂಡಿದ್ದಳು.

ನಮ್ಮ ವರದಿಯನ್ನು ಶಾಲೆಯವರು ಮರ್ಯಾದೆಯಿಂದಲೇ ಒಪ್ಪಿದರು. ಎದ್ದು ಕಂಡ ಪ್ರಶ್ನೆಗಳನ್ನು ಕಿತ್ತುಹಾಕಿ ಬೇರೆ ಸೇರಿಸಿದರು. ಮುಂದಿನ ವರ್ಷ ಎದುರುಮನೆಯ ಹುಡುಗಿ ಹೊಸ ಪರೀಕ್ಷೆ ಬರೆದಳು. ಓದಿನಲ್ಲಿ ಚುರುಕು, ನಾನೇ ಕೂರಿಸಿಕೊಂಡು ಪಾಠ ಹೇಳಿದ್ದೆ. ಆಯ್ಕೆಪಟ್ಟಿಯಲ್ಲಿ ಅವಳ ಹೆಸರೂ ಬರಲಿಲ್ಲ. ನಮ್ಮ ಬೀದಿಯಿಂದ ಯಾರದೂ ಬರಲಿಲ್ಲ.

ಮಾರ್ಗದರ್ಶಕರ ಕೋಣೆಗೆ ಹೋಗಿ ಹೀಗೇಕಾಯಿತೆಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಕ್ಕಳನ್ನ ಸಮ ಅಂತ ಜೋಡಿ ಮಾಡಿದ್ದು ಯಾವುದರಿಂದ? ಅದೇ ಪರೀಕ್ಷೆಯ ಒಟ್ಟು ಅಂಕದಿಂದ. ಇಡೀ ಪರೀಕ್ಷೆನೇ ಒಂದು ಕಡೆ ಸ್ವಲ್ಪ ವಾಲಿದ್ರೆ ಈ ಲೆಕ್ಕಕ್ಕೆ ಅದು ಕಾಣೋದಿಲ್ಲಮ್ಮ. ಉಳಿದವಕ್ಕಿಂತ ಹೆಚ್ಚು ವಾಲಿದ್ದು ಮಾತ್ರ ಕಾಣುತ್ತೆ."

"ಇದು ನಿಮಗೆ ಮೊದಲೇ ಗೊತ್ತಿತ್ತಾ ಸಾರ್?"

"ಲೇಖನದಲ್ಲೇ ಇದೆ," ಎಂದರು. "ಬೇರೆ ದಾರಿ ಇರಲಿಲ್ಲ."

ನಾನೂ ಆ ಸಾಲನ್ನು ಓದಿದ್ದೆ. ಓದಿ ಮುಂದೆ ಹೋಗಿದ್ದೆ.

ಅಂದು ಸಂಜೆ ಎದುರುಮನೆಯ ಹುಡುಗಿಯ ತಾಯಿ ಬಂದು ನಮ್ಮ ಜಗಲಿಯ ಮೇಲೆ ಕೂತಳು. "ಈ ಸಲ ಕೇಳ್ವಿ ಎಲ್ಲಾ ಸರಿ ಇತ್ತು ಅಲ್ಲವಾ? ನೀನೇ ನೋಡಿ ಕೊಟ್ಟಿದ್ದು ಅಂದ್ರು. ಅಂಗಾರೆ ಇವಳ್ದೇ ತಪ್ಪು." ಅವಳು ದೂರುತ್ತಿರಲಿಲ್ಲ, ನನ್ನಿಂದ ತಿಳಿದುಕೊಳ್ಳಲು ಬಂದಿದ್ದಳು. ನಾನು ವಿವರಿಸಲು ನೋಡಿದೆ. ಎರಡು ಮಾತಿಗೇ ಅವಳ ಗಮನ ಬೇರೆ ಕಡೆ ಹೋಯಿತು. ಬನಿಯನ್ ಕಂಪನಿಯಲ್ಲಿ ಚಿಕ್ಕ ಮಕ್ಕಳಿಗೂ ಕೆಲಸ ಕೊಡುತ್ತಾರಾ ಎಂದು ನನ್ನ ತಂಗಿಯನ್ನು ಕೇಳಿದಳು.

"ಇನ್ನೊಂದು ವರ್ಷ ಓದ್ಲಿ ಅತ್ತೆ," ಎಂದಳು ತಂಗಿ.

ಆಕೆ ಒಪ್ಪಲಿಲ್ಲ. ವಾರ ಕಳೆಯುವುದರೊಳಗೆ ಆ ಹುಡುಗಿ ಊಟದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. ತಂಗಿ ಅವಳ ಜಡೆ ಬಿಗಿಯಾಗಿ ಎತ್ತಿ ಕಟ್ಟಿ, ಬಸ್ಸಿನಲ್ಲಿ ಕೈ ಬಿಡಬೇಡವೆಂದು ಹೇಳಿ ಕರೆದುಕೊಂಡು ಹೋದಳು.