ಬಾಣಂತಿ ಕೋಣೆಯ ಕೆಂಡ

ಮೊನ್ನೆ ಮುಶಿಗೇರಿಗೆ ನಾದಿನಿಯ ಕೂಸನ್ನು ನೋಡಲು ಹೋಗಿದ್ದೆ. ಹೊಸ್ತಿಲು ದಾಟುತ್ತಲೇ ಕೆಂಡದ ಮೇಲೆ ಉದುರಿಸಿದ ಲೋಬಾನದ ವಾಸನೆ... ಮನೆಯವರು ಗೊಣಗಿದರೂ ಕಿಟಕಿ ತೆರೆಸಿದೆ. ಗಜೇಂದ್ರಗಡದ ನನ್ನ ತವರುಮನೆಯ ಪಕ್ಕದ ಚಾಚಿ ನೆನಪಾದಳು. ಊರೂರು ತಿರುಗಿ ಬಳೆ ಮಾರುತ್ತಿದ್ದವಳು.

ನನ್ನ ಮೊದಲ ಬಾಣಂತನ ಚಳಿಗಾಲದಲ್ಲಿ. ಪಡಸಾಲೆಯಲ್ಲಿ ಅಪ್ಪನ ಮಗ್ಗ, ಒಳಕೋಣೆಯಲ್ಲಿ ನಾನು, ಕೂಸು, ಅವ್ವ. ಹೊರಸಿನ ಕೆಳಗೆ ಕೆಂಡದ ಬೋಗುಣಿ. ಗಾಳಿ ಹೊಗಬಾರದೆಂದು ಅವ್ವ ಬಾಗಿಲ ಸಂದಿಗೂ ಹಳೆ ಸೀರೆ ತುರುಕಿದ್ದಳು. ನನಗೂ ಅವ್ವನಿಗೂ ತಲೆನೋವು, ವಾಕರಿಕೆ. ಹಿತ್ತಲಿಗೆ ಹೋದರೆ ಹಗುರ, ಒಳಗೆ ಬಂದರೆ ಮತ್ತೆ ಅದೇ.

"ನೆದರಾಗೇತಿ," ಎಂದು ಅವ್ವ ದೃಷ್ಟಿ ತೆಗೆಯಲು ಉಪ್ಪು ಇಳಿಸಿ ಒಗೆದಳು.

ಅಪ್ಪ ಸೀರೆ ಕೊಡಲು ರೋಣಕ್ಕೆ ಹೋಗಿದ್ದ ದಿನ, ಮಧ್ಯಾಹ್ನ ಚಾಚಿ ಕೂಸಿಗೆ ಕರಿಬಳೆ ತಂದಳು. ಕರೆದದ್ದು ನನಗೆ ಕೇಳಿಸಿತು, ಕೈ ಮೇಲೇಳಲಿಲ್ಲ. ಬಾಗಿಲು ನೂಕಿದವಳೇ ಮೊದಲು ಕೂಸನ್ನು ಅಂಗಳಕ್ಕೆ ಒಯ್ದಳು. ಆಮೇಲೆ ನನ್ನನ್ನು, ಕೊನೆಗೆ ಎಚ್ಚರವಿಲ್ಲದ ಅವ್ವನನ್ನು ಎಳೆದು ತಂದಳು. ತಾನೂ ಕಟ್ಟೆಯ ಮೇಲೆ ಕುಸಿದಳು.

"ಯಾರರ ಬರ್ರಿ, ಉಸಿರ ಐತಿ, ಲಗೂ ದವಾಖಾನಿಗೆ ಒಯ್ರಿ."

ದವಾಖಾನೆಯಲ್ಲಿ ಬೆರಳಿಗೆ ಹಾಕಿದ ಯಂತ್ರ ಎಲ್ಲ ಸರಿಯಿದೆ ಎಂದಿತು. ಡಾಕ್ಟರು ನಂಬಲಿಲ್ಲ. "ಮುಚ್ಚಿದ ಕ್ವಾಣ್ಯಾಗ ಕೆಂಡ ಇತ್ತಲ್ರಿ? ಅದರ ವಿಷಗಾಳಿಗಿ ಬಣ್ಣಿಲ್ಲ, ವಾಸನಿಲ್ಲ. ಈ ಯಂತ್ರಕ್ಕ ಅದು ತಿಳಿಯಂಗಿಲ್ಲ," ಎಂದವರು ಕೂಸೂ ಸೇರಿ ಎಲ್ಲರ ಮುಖಕ್ಕೂ ಆಕ್ಸಿಜನ್ ಹಚ್ಚಿಸಿದರು. ಅವ್ವನನ್ನು ಗದಗಕ್ಕೆ ಕಳಿಸಿದರು. ಎಲ್ಲರೂ ಉಳಿದೆವು.

ಕೆಲವು ವಾರ ಕಳೆದ ಮೇಲೆ ಅವ್ವ ಮರೆಯತೊಡಗಿದಳು. ಮೊದಲು ಸಾರಿನ ಉಪ್ಪು, ಆಮೇಲೆ ಓಣಿಯ ದಾರಿ... ಈ ವಿಷ ಒಮ್ಮೊಮ್ಮೆ ಹೀಗೆ ತಡವಾಗಿಯೂ ಕಾಡುತ್ತದಂತೆ.

ವ್ಯಾಪಾರ ಮುಗಿಸಿ ಚಾಚಿ ದಿನಾ ಬಂದು ಅವ್ವನ ತಲೆಗೆ ಎಣ್ಣೆ ಹಚ್ಚುತ್ತ ಕೂರುತ್ತಿದ್ದಳು. ಬಳೆ ಇಡಲು ಹೋದ ಬಾಣಂತಿ ಮನೆಗಳಲ್ಲೆಲ್ಲ ಮೊದಲು ಕಿಟಕಿ ತೆರೆದು ಬೈಸಿಕೊಂಡು ಬರುತ್ತಿದ್ದಳು.

"ಬೈಲಿ ಬಿಡ ಮಗಳ. ಬೈಯಾಕರ ಉಸಿರ ಇರ್ತೈತಲ್ಲ."

ಹೋದ ವರ್ಷ ಚಾಚಿ ತೀರಿಕೊಂಡಳು. ಅವ್ವನಿಗೆ ಹೇಳಿದೆ. ಮರುದಿನ ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಪ್ರತಿ ಸಲವೂ ಆಗಷ್ಟೇ ಕೇಳಿದಂತೆ ಅತ್ತಳು. ಎಷ್ಟು ಸಲ ಅಳಿಸುವುದು... ನನಗೂ ಸಾಕಾಗಿದೆ.

ಇವತ್ತೂ ತವರಿಗೆ ಬಂದು ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತಿದ್ದೇನೆ.

"ಚಾಚಿ ಯಾಕ ಇನ್ನೂ ಬರಲಿಲ್ಲ?"

"ಮುಶಿಗೇರಿಗೆ ಬಳಿ ಇಡಾಕ ಹೋಗ್ಯಾಳವ್ವ."

"ಹೌದನ? ದಣದ ಬರ್ತಾಳ ಪಾಪ," ಎಂದು ಅವ್ವ ಪಕ್ಕಕ್ಕೆ ಸರಿದು ಜಾಗ ಮಾಡಿದಳು.