ಕೆಂಚ, ಬಿಳಿಯ ಮತ್ತು ಒಂದು ಬೂದುಗುಂಬಳ

ಪಾಲಾಕ್ಷನ ಕರಾಟೆ ಪೆಟ್ಟಿಗೆಯ ಕಥೆಯನ್ನು ಚಳ್ಳಕೆರೆಯವರು ನಗುನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ, ಹೇಸಿಗೆಯಾಗುತ್ತದೆ. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಸೈಕಲ್ ಶಾಪು. ಆದದ್ದನ್ನೆಲ್ಲ ಕಣ್ಣಾರೆ ಕಂಡವನು ನಾನು.

ಪಾಲಾಕ್ಷ ದೇವಸಮುದ್ರದ ಕಡೆಯ ಕುರಿ ಕಾಯುವವರ ಮನೆಯವನು. ಹರೆಯದಲ್ಲಿ ಇಲ್ಲಿಯ ಎಣ್ಣೆ ಮಿಲ್ಲಿಗೆ ಶೇಂಗಾ ಮೂಟೆ ಹೊರಲು ಬಂದ. ಬಸ್ ಸ್ಟ್ಯಾಂಡ್ ಹಿಂದೆ ಬಳ್ಳಾರಿಯವರೊಬ್ಬರ ವಿಡಿಯೋ ಗೇಮ್ ಅಂಗಡಿಯಲ್ಲಿ ಆಳೆತ್ತರದ ಪೆಟ್ಟಿಗೆಯೊಂದಿತ್ತು. ಅದಕ್ಕೆ ಮರುಳಾದ. ಪರದೆಯ ಮೇಲೆ ಇಬ್ಬರು ಕರಾಟೆಯವರು. ಒಬ್ಬನದು ಬಿಳಿ ಬಟ್ಟೆ, ಇನ್ನೊಬ್ಬನದು ಕೆಂಪು. ಸರಿಯಾದ ಒಂದೇ ಏಟು ಬಿದ್ದರೆ ಎದುರಾಳಿ ನೆಲಕ್ಕೆ. ಹಿಂದೆ ನಿಂತ ಗುರು ಕೂಗಿ ತೀರ್ಪು ಕೊಡುತ್ತಿದ್ದ. ಟಗರುಗಳಿಗೆ ಇಡುವ ಹೆಸರನ್ನೇ ಪಾಲಾಕ್ಷ ಅವರಿಗೂ ಇಟ್ಟ: ಕೆಂಚ, ಬಿಳಿಯ. ಮಾಲೀಕರು ಅಂಗಡಿ ಮುಚ್ಚಿದಾಗ ಪೆಟ್ಟಿಗೆಯನ್ನು ತಾನೇ ಕೊಂಡು, ನನ್ನ ಪಕ್ಕದಲ್ಲಿ ಅಂಗಡಿ ಹಾಕಿ, ಮೂಟೆ ಹೊರುವುದನ್ನು ಬಿಟ್ಟ.

ಮೊಬೈಲು ಬಂದು ಮಿಕ್ಕ ಗೇಮ್ ಅಂಗಡಿಗಳು ನೆಲಕಚ್ಚಿದರೂ ಇವನದು ಉಳಿಯಿತು. ಮೊಳಕಾಲ್ಮುರು ಬಸ್ಸಿನ ಕಂಡಕ್ಟರುಗಳು, ಹಮಾಲರು ಬಿಡುವಾದಾಗ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ಆಟಕ್ಕೆ ಮುಂಚೆ ಒಬ್ಬರಿಗೊಬ್ಬರು ಕೈ ಮುಗಿಯಬೇಕು.

"ಕೆಂಚ, ಬಿಳಿಯನೇ ಬಗ್ಗಿ ನಮಸ್ಕಾರ ಮಾಡ್ತಾವೆ. ನಿಮಗೇನ್ರಲೇ ದಾಡಿ?" ಎಂದು ಗದರುತ್ತಿದ್ದ.

ಅವನಿಗಿದ್ದದ್ದು ಒಂದೇ ಭಯ. ಪೆಟ್ಟಿಗೆ ಕೆಟ್ಟರೆ ಅದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ. ಈ ವಯಸ್ಸಿನಲ್ಲಿ ಮತ್ತೆ ಮೂಟೆಗೆ ಹೆಗಲು ಕೊಡಬೇಕಾಗುತ್ತದೆ.

ಹೋದ ವರ್ಷದ ಆಯುಧಪೂಜೆಗೆ ಪೆಟ್ಟಿಗೆಯನ್ನು ಒರೆಸಿ, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿದ್ದ. ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮದ ನೀರು ತುಂಬಿ ಇಟ್ಟಿದ್ದ. ಅಷ್ಟರಲ್ಲಿ ಮಾರುತೇಶ ವಕ್ಕರಿಸಿದ. ರೀಲ್ಸ್ ಮಾಡುವುದು ಬಿಟ್ಟರೆ ಬೇರೆ ಕಸುಬಿಲ್ಲದವನು.

"ಕೊಡಣ್ಣ, ನಾನ್ ಒಡಿತೀನಿ" ಎಂದ. ಹರೆಯದವನು, ಆಸೆಪಡುತ್ತಿದ್ದಾನೆ ಎಂದು ಪಾಲಾಕ್ಷ ಕೊಟ್ಟ.

ಮಾರುತೇಶ ಕಾಯಿಯನ್ನು ಬೀದಿಗೆ ಒಯ್ಯಲಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲಿಟ್ಟು, ಗೆಳೆಯನ ಮೊಬೈಲ್ ಕಡೆ ಮುಖ ತಿರುಗಿಸಿ, "ಹೂ, ಹಾ" ಎಂದು ಕೂಗಿ ಕರಾಟೆ ಏಟು ಹಾಕಿದ. ಕಾಯಿ ಒಡೆದು ಕೆಂಪು ನೀರು ಹಿಂದಿನ ಸಂದುಗಳಲ್ಲಿ ಇಳಿಯಿತು. ಒಳಗೆ ಪಟ್ ಎಂದಿತು. ಪರದೆ ಕಪ್ಪಾಯಿತು.

"ಲೇ! ದೃಷ್ಟಿ ತೆಗಿಯಾದು ಬೀದಿಯಾಗಲ್ಲೇನೋ!" ಪಾಲಾಕ್ಷ ತಲೆಯ ಮೇಲೆ ಕೈ ಹೊತ್ತ. ನೆರೆದವರು ಹಲ್ಲು ಕಿರಿದರು. ಥೂ, ಅವರ ಜನ್ಮಕ್ಕೆ.

ಒರೆಸಿ, ಒಣಗಿಸಿ, ದೀಪಾವಳಿಯ ಹೊತ್ತಿಗೆ ಪ್ಲಗ್ ಹಾಕಿದ. ಚಿತ್ರ ಬರಲಿಲ್ಲ, ಸದ್ದು ಬಂತು. ಅಂದಿನಿಂದ ಬಾಗಿಲು ಅರ್ಧ ಎಳೆದುಕೊಂಡು, ಕತ್ತಲ ಪರದೆಯ ಮುಂದೆ ಕಿವಿಯಿಂದಲೇ ಆಡತೊಡಗಿದ.

"ಇದು ಕೆಂಚ ಬಿದ್ದ ಸದ್ದು ಕಣಣ್ಣ" ಎಂದು ನನಗೆ ಹೇಳುತ್ತಿದ್ದ. "ಇನ್ನೂ ಜೀವ ಐತೆ. ರಿಪೇರಿಯೋರು ಯಾರಾರ ಸಿಕ್ತಾರೆ."

ಇದರ ವಾಸನೆಯೂ ಮಾರುತೇಶನ ಮೂಗಿಗೆ ಬಡಿಯಿತು. ಶೂ ಹಾಕಿಕೊಂಡೇ ಒಳಗೆ ನುಗ್ಗಿ, "ತಪ್ಪಾತಣ್ಣ" ಎಂದು ಕೈ ಮುಗಿದ. ಪಾಲಾಕ್ಷನ ಮುಖ ಅರಳಿತು, ಪಾಪ. ಮರುಗಳಿಗೆಯಲ್ಲೇ ಬಾಗಿಲಲ್ಲಿ ನಿಂತ ಗೆಳೆಯನ ಮೊಬೈಲು ಕಣ್ಣಿಗೆ ಬಿತ್ತು.

"ಕಣ್ಣಿಗೆ ಬಟ್ಟೆ ಕಟ್ಕಂಡು ಆಡಣ್ಣ, ಸಖತ್ತಾಗಿರ್ತೈತೆ. ಅಳ್ತಾ ಆಡಿದ್ರೆ ಇನ್ನೂ ಚೆನ್ನಾಗಿರ್ತೈತೆ."

ಪೆಟ್ಟಿಗೆಯ ಒಳಗಿನಿಂದ ಗುರು ಆಟ ಶುರುಮಾಡಲು ಕೂಗಿದ. ಪಾಲಾಕ್ಷ ಕಪ್ಪು ಪರದೆಗೆ ಬಗ್ಗಿ ಕೈ ಮುಗಿದು, ಪ್ಲಗ್ ಕಿತ್ತ. ಮಾರನೆಯ ದಿನ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಎಣ್ಣೆ ಮಿಲ್ಲಿಗೆ ಮತ್ತೆ ಮೂಟೆ ಹೊರಲು ಹೋದ.

ಪ್ಲಗ್ ಕಿತ್ತದ್ದನ್ನೂ ಆ ಲೋಫರ್ ಗೋಳಿನ ಹಾಡು ಸೇರಿಸಿ ರೀಲ್ಸ್ ಮಾಡಿ ಹಾಕಿದ್ದಾನೆ. ಪಂಕ್ಚರಿಗೆ ಬಂದವರು ನನಗೇ ಅದನ್ನು ತೋರಿಸಿ, "ಇವ್ರು ನಿಮ್ ಪಕ್ಕದೋರಲ್ವಾ?" ಎಂದು ನಗುತ್ತಾರೆ. ಅಂಥವರಿಗೆ ನಾನು ಪಂಕ್ಚರ್ ಹಾಕುವುದಿಲ್ಲ. ಗಾಡಿ ತಳ್ಳಿಕೊಂಡು ಹೋಗಿ ಅನ್ನುತ್ತೇನೆ.