ನೋವಿಗೆ ಅವರಲ್ಲಿ ಏನಂತಾರೆ

ಹೋದ ವರ್ಷ ಪಾದದ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ಹದಿನೈದು ದಿನ ಹಳೇ ಯಲಹಂಕದ ಒಂದು ಸಣ್ಣ ಕ್ಲಿನಿಕ್ಕಿಗೆ ಓಡಾಡಿದೆ. ಅಲ್ಲಿ ಚೀಟಿ ಕೊಡುವುದು, ಗಾಯ ತೊಳೆಯುವುದು, ನೆಲ ಒರೆಸುವುದು ಎಲ್ಲ ಒಬ್ಬರೇ ಆಯಾ. ಮನೆಮಾತು ಉರ್ದು. ನನ್ನ ಜೊತೆ ಮಾತ್ರ ಅಚ್ಚ ಯಲಹಂಕದ ಕನ್ನಡ.

ಒಂದು ಬೆಳಿಗ್ಗೆ ರಾಜಾನುಕುಂಟೆ ಕಡೆ ಕಟ್ಟಡ ಕೆಲಸಕ್ಕೆ ಒಡಿಶಾದಿಂದ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಅಳುವ ಮಗಳನ್ನು ಎತ್ತಿಕೊಂಡು ಬಂದಳು. ಡಾಕ್ಟರು ಹಿಂದಿಯಲ್ಲಿ ಕೇಳಿದರು. ಗಾಬರಿಯಲ್ಲಿ ಅವಳು ಒಂದೇ ಉಸಿರಿಗೆ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಆಯಾ ತೆಲುಗು, ತಮಿಳು ಎರಡರಲ್ಲೂ ಕೇಳಿ ಸೋತರು. ಆಮೇಲೆ ತಾಯಿ ಕೆಳಗಿಳಿಸಿದ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತಮ್ಮ ಹೊಟ್ಟೆ ಮುಟ್ಟಿ ತೋರಿಸಿದರು.

"ಪೇಟ," ಎಂದಳು ತಾಯಿ. ಅಲ್ಲವೆಂದು ತಲೆಯಾಡಿಸಿ, ಮಗುವಿನ ಕಿವಿ ಹಿಡಿದಳು. "ಕಾನ. ಕಾನ ಬಿಂಧುಚಿ."

"ಬಿಂಧುಚಿ," ಎಂದರು ಆಯಾ, ರುಚಿ ನೋಡುವವರಂತೆ. ತಲೆ ಮುಟ್ಟಿದರು. "ಇದು?"

"ಮುಂಡ."

"ಅಯ್ಯೋ, ನಮ್ಮಲ್ಲಿ ಮುಂಡ ಅಂದ್ರೆ ತಲೆನೇ ಇಲ್ದಿರೋದು ಕಣಮ್ಮಾ!" ಆಯಾ ನಕ್ಕರು. ಅರ್ಥವಾಗದಿದ್ದರೂ ತಾಯಿಯೂ ನಕ್ಕಳು. ಆಯಾ ಮಗುವಿನ ಕಡೆ ತಿರುಗಿ, "ಮುಂಡ ಬಿಂಧುಚಿ?" ಎಂದರು.

ತನ್ನ ಭಾಷೆ ಕೇಳಿ ಮಗು ಅಳು ನಿಲ್ಲಿಸಿತು. ಇಲ್ಲವೆಂದು ತಲೆಯಾಡಿಸಿತು.

"ಕಾನ ಬಿಂಧುಚಿ?"

ಹೌದೆಂದಿತು. ಡಾಕ್ಟರು ಕಿವಿಗೆ ಬೆಳಕು ಹಿಡಿದು ನೋಡಿದರು. ಒಳಗೆ ಕೀವಾಗಿತ್ತು.

ಬ್ಯಾಂಕ್ ಕೆಲಸದಲ್ಲಿ ಮೂರು ವರ್ಷ ಚೆನ್ನೈನಲ್ಲಿದ್ದವಳು ನಾನು. ತಮಿಳು ಕಲಿಯುವ ಪುಸ್ತಕ ತಂದು, ವ್ಯಾಕರಣಕ್ಕೆ ಗೆರೆ ಎಳೆದು, ತಪ್ಪಾದೀತೆಂದು ಹಾಲಿನವನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ಎರಡು ನಿಮಿಷದಲ್ಲಿ, ನನ್ನ ಕಣ್ಣೆದುರೇ, ಒಬ್ಬರು ಒಂದು ಭಾಷೆಯ ಬಾಗಿಲು ತೆರೆದಿದ್ದರು.

ಆಯಾ ನನ್ನ ಪಾದಕ್ಕೆ ಬ್ಯಾಂಡೇಜು ಸುತ್ತುವಾಗ ಕೇಳಿದೆ: "ಅಕ್ಕಾ, ಎಷ್ಟು ಭಾಷೆ ಬರುತ್ತೆ ನಿಮಗೆ?"

"ಎಣ್ಸಿಲ್ಲ ಮೇಡಂ. ಯಾವ್ದೂ ಪೂರ್ತಿ ಬರಲ್ಲ. ನೋವಿಗೆ ಏನಂತಾರೆ ಅಂತ ಮೊದ್ಲು ಕೇಳ್ಕೋತೀನಿ. ಮಿಕ್ಕಿದ್ದು ಅವ್ರೇ ಕಲಿಸ್ತಾರೆ."

"ತಪ್ಪಾದ್ರೆ?"

"ನಗ್ತಾರೆ. ನಕ್ಕೋರು ಸರಿ ಮಾಡ್ದೆ ಬಿಡ್ತಾರಾ?"

ಐದನೇ ದಿನ ತಾಯಿ ಮಗಳು ಮತ್ತೆ ಬಂದರು. ಕಿವಿ ವಾಸಿಯಾಗಿತ್ತು. ಆಯಾ ಒಡಿಯಾದಲ್ಲಿ ಏನೋ ಕೇಳಿದರು. ಮಗು ಕಿಸಕ್ಕೆಂದು ನಕ್ಕು, ಅವರ ಗಲ್ಲ ಹಿಡಿದು, ಆ ಮಾತನ್ನು ನಿಧಾನವಾಗಿ ಸರಿಯಾಗಿ ಹೇಳಿಕೊಟ್ಟಿತು. ಅಷ್ಟು ವಯಸ್ಸಿನ ಹೆಂಗಸು ಒಳ್ಳೆಯ ವಿದ್ಯಾರ್ಥಿಯ ಹಾಗೆ ಮೂರು ಸಲ ಒಪ್ಪಿಸಿದರು. ಅದನ್ನೇ ನೋಡುತ್ತಿದ್ದ ನನಗೆ ಡಾಕ್ಟರು ಒಳಗಿಂದ ಕರೆದದ್ದೂ ಕೇಳಿಸಲಿಲ್ಲ.